ಒಂದೂವರೆ ಮಿಲಿಮೀಟರಿನ ಗಂಡು

ಒಂಬತ್ತನೆಯ ಸಾಲಿನಲ್ಲಿ ಇಪ್ಪತ್ತಮೂರನೆಯ ಚುಕ್ಕಿಗೆ ಬಂದಿದ್ದಳು, ಫೋನು ಹೊಡೆದುಕೊಂಡಿತು. ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯದೆ ಎಡಗೈಯಲ್ಲೇ ತಡಕಿ ಕಿವಿಗಿಟ್ಟುಕೊಂಡಳು.

"ಕುಕ್ಕರಿನ ರಬ್ಬರ್ ಎಲ್ಲೇ?" ಗಂಡನ ದನಿ.

"ಮುಚ್ಚಳದಲ್ಲೇ ಇದೆ."

"ಮುಚ್ಚಳ ಎಲ್ಲಿ?"

ಹೇಳಿ ಮುಗಿಸುವಷ್ಟರಲ್ಲಿ ಇಪ್ಪತ್ತಮೂರೋ ಮೂವತ್ತೆರಡೋ ಮರೆತುಹೋಗಿತ್ತು. ಉಸಿರು ಬಿಟ್ಟು ಮತ್ತೆ ಮೊದಲ ಸಾಲಿಗೆ ಹೋದಳು.

ಲೆನ್ಸಿನ ಕೆಳಗಿದ್ದದ್ದು ಒಂದೂವರೆ ಮಿಲಿಮೀಟರ್ ಉದ್ದದ ಕಪ್ಪು ಜೀರುಂಡೆ. ನೀರಿನಲ್ಲಿ ಕೊಳೆತದ್ದನ್ನು ತಿಂದುಕೊಂಡು, ಯಾರ ತಂಟೆಗೂ ಹೋಗದೆ ಬದುಕುವ ಜಾತಿ. ಬರಿಗಣ್ಣಿಗೆ ಒಡೆದ ಸಾಸಿವೆ. ಲೆನ್ಸಿನಡಿ ಬಂದರೆ ಬೆನ್ನ ಮೇಲೆ ಹತ್ತು ಸಾಲು ಚುಕ್ಕಿ, ಕಣ್ಣ ಮುಂದೆ ಎರಡು ಹಳದಿ ಮಚ್ಚೆ, ಬಾಯಿಯ ಪಕ್ಕದಲ್ಲಿ ಮೀಸೆಗಿಂತ ಉದ್ದವಾದ ಎರಡು ಕುಡಿ. ಇಂಥದೊಂದು ಪ್ರಾಣಿ ಇದೆಯೆಂದು ಲೋಕಕ್ಕಿನ್ನೂ ತಿಳಿದಿರಲಿಲ್ಲ, ಆದ್ದರಿಂದ ಅದಕ್ಕೆ ಹೆಸರೂ ಇರಲಿಲ್ಲ.

ಮ್ಯೂಸಿಯಮ್ಮಿನ ಹಿಂಬದಿಯ ಈ ಕೋಣೆಯಲ್ಲಿ ಕೂತು ಇಪ್ಪತ್ತೆರಡು ವರ್ಷ ಅವಳು ಬೇರೆಯವರು ಕಂಡುಹಿಡಿದ ಹುಳಗಳ ಚಿತ್ರ ಬರೆದಿದ್ದಳು. ಆ ಲೇಖನಗಳ ತೀರ ಕೊನೆಯಲ್ಲಿ, ಜೀಪಿನ ಡ್ರೈವರಿಗೆ ಕೃತಜ್ಞತೆ ಹೇಳಿಯಾದ ಮೇಲೆ, ಅವಳ ಹೆಸರು ಬರುತ್ತಿತ್ತು. ಇದೊಂದು ಮಾತ್ರ ಅವಳದೇ. ಹೋದ ವರ್ಷ ಜೀಪು ಹೋಗುವಷ್ಟು ದೂರ ಹೋಗಿ, ಅಲ್ಲಿಂದ ಒಂದು ಹಗಲು ಗುಡ್ಡ ಹತ್ತಿ, ಜಲಪಾತದ ಬುಡದಿಂದ ತಂದ ಪಾಚಿಯಲ್ಲಿ ಸಿಕ್ಕಿದ್ದು. ಪತ್ರಿಕೆಯ ಸಂಪಾದಕರು ಲೇಖನವನ್ನು ಎರಡು ಸಲ ವಾಪಸು ಕಳಿಸಿ, ಮೂರನೆಯ ಸಲಕ್ಕೆ ಇವತ್ತು ಸಂಜೆ ಐದರ ಗಡುವು ಕೊಟ್ಟಿದ್ದರು. ಅದರ ಜೊತೆ, ಹೆಸರಿಗೆ ಆಧಾರವಾಗುವ ಮಾದರಿಯ ಹುಳವನ್ನು ಮ್ಯೂಸಿಯಮ್ಮಿಗೆ ಒಪ್ಪಿಸಿದ್ದಾಗಿದೆ ಎಂಬ ನಂಬರೂ ಹೋಗಬೇಕು.

ಸಿಕ್ಕಿದ್ದು ಐದು. ನಾಲ್ಕು ಹೆಣ್ಣು, ಒಂದು ಗಂಡು; ಲೆನ್ಸಿನ ಕೆಳಗಿದ್ದದ್ದು ಆ ಗಂಡೇ. ಇವುಗಳ ಜಾತಿ ಖಚಿತವಾಗುವುದು ಗಂಡಿನ ಆ ಒಂದು ಅಂಗದಿಂದ. ಹೆಣ್ಣು ನೂರಿದ್ದರೂ ಗಂಡಿಲ್ಲದೆ ಹೆಸರಿಲ್ಲ. ಇದನ್ನು ಮೊದಲ ಸಲ ಓದಿದಾಗ ಅವಳಿಗೇನೂ ಆಶ್ಚರ್ಯವಾಗಿರಲಿಲ್ಲ.

ಈ ಸಲ ಆರನೆಯ ಸಾಲಿಗೆ ಬಂದಿದ್ದಳು. ಪಕ್ಕದ ಕೋಣೆಯಲ್ಲಿ ಹಕ್ಕಿ ವಿಭಾಗದವರು ತುಂಬಿಟ್ಟ ಗೂಬೆಯೊಂದನ್ನು ಕಿಟಕಿಗೆ ಹಿಡಿದು ಪಟಪಟನೆ ಕೊಡವಿದರು. ಅಜ್ಜನ ಕಾಲದ ಧೂಳು ಗೋಡೆ ದಾಟಿ ಬಂತು. ಅವಳು ಸೀನಿದಳು.

ಕಣ್ಣು ಬಿಟ್ಟಾಗ ಗುಂಡುಸೂಜಿ ಇತ್ತು. ಸೂಜಿಯ ಮೇಲೆ, ಹುಳವನ್ನು ಅಂಟಿಸಿದ್ದ ರಟ್ಟಿನ ತ್ರಿಕೋನವೂ ಇತ್ತು. ಗಂಡು ಇರಲಿಲ್ಲ. ಹೊಟ್ಟೆಯ ಕಡೆ ನೋಡಲೆಂದು ಬೆಳಿಗ್ಗೆ ಅಂಟು ಸಡಿಲಿಸಿದವಳು ಅವಳೇ.

ಕಳೆಯಿತು ಎಂದು ಬಾಯಿ ಬಿಡುವ ಹಾಗಿರಲಿಲ್ಲ. ಹದಿನೈದು ವರ್ಷದ ಕೆಳಗೆ ಒಂದು ಬಾಟಲಿ ಕಪ್ಪೆ ಕಳೆದವರು ನಿವೃತ್ತರಾಗಿ, ಸತ್ತೂ ಆಗಿತ್ತು. ಇವತ್ತಿಗೂ ಅವರನ್ನು ಎಲ್ಲರೂ ನೆನೆಸುವುದು ಕಪ್ಪೆ ಕಳೆದವರು ಎಂದೇ. ಫ್ಯಾನು ಆರಿಸಿ ಮೆಲ್ಲಗೆ ಮಂಡಿಯೂರಿದಳು.

"ಏನು ಮೇಡಂ, ನೆಲಕ್ಕಿಳಿದುಬಿಟ್ರಿ?" ಬಾಗಿಲಲ್ಲಿ ಹಕ್ಕಿಯವರು, ಕಂಕುಳಲ್ಲಿ ಗೂಬೆ.

"ಓಲೆ ಬಿತ್ತು ಸಾರ್."

"ಎರಡೂ ಕಿವಿಯಲ್ಲೇ ಇದಾವಲ್ಲ!"

"ಓಲೆ ಅಲ್ಲ, ಹಿಂದಿನ ತಿರುಪು."

"ಚಿನ್ನದ್ದಾ?"

ಆ ಒಂದು ಮಾತು ಪಡಸಾಲೆಯುದ್ದಕ್ಕೂ ಅವಳಿಗಿಂತ ಮುಂದೆ ಓಡಿತು. ಐದು ನಿಮಿಷದಲ್ಲಿ ಹೆಡ್ ಕ್ಲಾರ್ಕ್ ಬಂದರು. ಹಿಂದೆಯೇ ಮೀನು ವಿಭಾಗದ ಮೇಡಂ.

"ಯಾರೂ ಅಲ್ಲಾಡ್ಬೇಡಿ! ಕಾಲು ಎತ್ತಬೇಡಿ!" ಎಂದು ಕೂಗುತ್ತ ಹೆಡ್ ಕ್ಲಾರ್ಕ್ ಕೋಣೆಯನ್ನು ಈ ಗೋಡೆಯಿಂದ ಆ ಗೋಡೆಗೆ ಎರಡು ಸಲ ತುಳಿದರು. ಪ್ರತಿ ಹೆಜ್ಜೆಗೂ ಅವಳು ಬಗ್ಗಿ ಅವರ ಚಪ್ಪಲಿಯ ಅಡಿ ನೋಡಿದಳು. ಅವರು ಸೀಮೆಸುಣ್ಣದಲ್ಲಿ ನೆಲಕ್ಕೆ ಮನೆ ಗೀಚಿ, ಒಬ್ಬೊಬ್ಬರಿಗೆ ನಾಲ್ಕು ಮನೆ ಹಂಚಿದರು.

"ನಮ್ಮತ್ತಿಗೆ ಹೀಗೇ ಮೂಗುಬೊಟ್ಟು ಕಳ್ಕೊಂಡಿದ್ರು," ಅವರು ಬಗ್ಗಿಕೊಂಡೇ ಹೇಳಿದರು. "ಮೂರು ದಿನ ಮನೆ ಜಾಲಾಡಿದ್ವಿ. ಕೊನೆಗೆ ಎಲ್ಲಿ ಸಿಕ್ತು ಹೇಳಿ?"

"ಎಲ್ಲಿ ಸಾರ್?"

"ಸಿಗ್ಲಿಲ್ಲ."

ಸಿಕ್ಕಿದ್ದನ್ನೆಲ್ಲ ಬಿಳಿ ಹಾಳೆಯ ಮೇಲೆ ತಂದಿಡುತ್ತಿದ್ದರು. ಪೆನ್ಸಿಲ್ ಮೊನೆ, ಅರ್ಧ ಇಲಿಹಿಕ್ಕೆ, ಗೂಬೆಯ ಮೈಯಿಂದ ಉದುರಿದ್ದೇನೋ. ಅವಳು ಒಂದೊಂದನ್ನೂ ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡುತ್ತಿದ್ದಳು.

ಹೆಡ್ ಕ್ಲಾರ್ಕ್ ಸೊಂಟ ನೆಟ್ಟಗೆ ಮಾಡಿದರು. "ಅಲ್ಲಮ್ಮ, ತಿರುಪು ನೋಡೋದಕ್ಕೆ ಇದೆಲ್ಲ ಯಾಕೆ? ಹೊಳೆದ್ರೆ ಚಿನ್ನ, ಹೊಳೀದಿದ್ರೆ ಕಸ."

"ಹಳೇದು ಸಾರ್. ಕಪ್ಪಾಗಿದೆ."

"ಚಿನ್ನ ಕಪ್ಪಾಗುತ್ತಾ? ಎಲ್ಲೋ ಟೋಪಿ ಹಾಕಿಸ್ಕೊಂಡಿದೀರಿ. ಯಾರು ಕೊಟ್ಟಿದ್ದು?"

"ನಮ್ಮತ್ತೆ."

"ಹಾಂ," ಎಂದರು ಮೂವರೂ ಒಟ್ಟಿಗೆ. ಆಮೇಲೆ ಯಾರೂ ಆ ವಿಷಯ ಕೇಳಲಿಲ್ಲ.

ಮೂರೂವರೆಯಾಯಿತು. ಮೋಡ ಕವಿದು ಬೆಳಕು ಸಾಲದಾಯಿತು. ಟಾರ್ಚು ತರಲು ಅವಳು ಉಗ್ರಾಣಕ್ಕೆ ಹೋದಳು. ಟಾರ್ಚು ಸಿಕ್ಕಿತು, ಸೆಲ್ ಇರಲಿಲ್ಲ. ಸೆಲ್ಲಿಗೊಂದು ಅರ್ಜಿ, ಅರ್ಜಿಗೊಂದು ಸಹಿ. ಹತ್ತು ನಿಮಿಷ ಕಳೆದು ಬಂದರೆ ಕೋಣೆಯ ನೆಲ ಕನ್ನಡಿಯ ಹಾಗೆ ಮಿಂಚುತ್ತಿತ್ತು. ಸೀಮೆಸುಣ್ಣದ ಮನೆಗಳೂ ಇರಲಿಲ್ಲ.

"ಒದ್ದೆ ಬಟ್ಟೆ!" ಹೆಡ್ ಕ್ಲಾರ್ಕ್ ಯುದ್ಧ ಗೆದ್ದವರಂತೆ ನಿಂತಿದ್ದರು. "ಗುಡಿಸೋಳ ಕೈಲಿ ಇಡೀ ಕೋಣೆ ಒರೆಸಿಸಿದೆ. ಸಣ್ಣದೆಲ್ಲ ಬಟ್ಟೆಗೆ ಅಂಟುತ್ತೆ. ಬಕೆಟ್ಟಿಗೆ ಹಿಂಡಿದ್ರೆ ಕಸ ತೇಲುತ್ತೆ, ಚಿನ್ನ ತಳ ಹಿಡಿಯುತ್ತೆ. ತೇಲಿದ್ದು ಚೆಲ್ಲಿ, ತಳದ್ದು ಈ ಮೇಡಂಗೆ ತಂದುಕೊಡು ಅಂದಿದೀನಿ. ಹೇಗಿದೆ ಐಡಿಯಾ?"

ಅವಳು ಐವತ್ತೊಂದನೆಯ ವಯಸ್ಸಿನಲ್ಲಿ, ಸೀರೆ ಎತ್ತಿಕಟ್ಟಿ, ಮೆಟ್ಟಿಲನ್ನು ಎರಡೆರಡಾಗಿ ಇಳಿದಳು.

ಹಿತ್ತಲ ನಲ್ಲಿಯ ಹತ್ತಿರ ಗುಡಿಸುವಾಕೆ ಬಕೆಟ್ಟು ಬಗ್ಗಿಸುತ್ತಿದ್ದಳು.

"ಚೆಲ್ಲಬೇಡ್ವೇ!"

"ಅಯ್ಯೋ ಅಕ್ಕಾ, ನಿಧಾನ. ನಿಮ್ಮ ತಿರುಪು ಎಲ್ಲೂ ಹೋಗಲ್ಲ. ತಳದಲ್ಲಿ ನೋಡಿದೆ, ಬರೀ ಹುಳ."

"ಹುಳಾನೇ ಬೇಕು ನಂಗೆ!"

ಗುಡಿಸುವಾಕೆ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಬಕೆಟ್ಟನ್ನು ಮೆಲ್ಲಗೆ ಕೆಳಗಿಟ್ಟು, ಎರಡು ಹೆಜ್ಜೆ ಹಿಂದೆ ಸರಿದಳು.

ಅವಳು ಕೋಣೆಯಿಂದ ಬಿಳಿ ಪಿಂಗಾಣಿ ತಟ್ಟೆ, ಕುಂಚ ತಂದು, ನೀರನ್ನು ಸ್ವಲ್ಪಸ್ವಲ್ಪವಾಗಿ ತಟ್ಟೆಗೆ ಬಗ್ಗಿಸಿದಳು. ಕೂದಲು, ಕೆಸರು, ಬಕೆಟ್ಟಿನ ಅಂಚಿನಿಂದ ಬಿಟ್ಟ ಪಾಚಿ, ಅದರ ಪಕ್ಕದಲ್ಲೊಂದು ಕಪ್ಪು ಚುಕ್ಕಿ. ಮೈಯೆಲ್ಲ ಹಗುರವಾಯಿತು. ಕುಂಚದ ತುದಿಯಿಂದ ಎತ್ತಿಕೊಳ್ಳಲು ಹೋದಳು.

ಚುಕ್ಕಿ ನಡೆದುಕೊಂಡು ಹೋಯಿತು.

ವರ್ಷದ ಕೆಳಗೆ ಸತ್ತ ಗಂಡು ನಡೆಯುವುದಿಲ್ಲ. ಅವಳು ನೋಡುತ್ತ ಕೂತಳು. ಪಾಚಿಯಿಂದ ಇನ್ನೊಂದು ಹೊರಬಂತು. ಆಮೇಲೆ ಮೂರು. ಆಮೇಲೆ ಎಣಿಸುವುದನ್ನು ಬಿಟ್ಟಳು. ತಟ್ಟೆಯನ್ನು ಹಾಲು ತುಂಬಿದ ಪಾತ್ರೆಯಂತೆ ಎರಡೂ ಕೈಯಲ್ಲಿ ಹಿಡಿದು ಕೋಣೆಗೆ ತಂದು, ಬಾಗಿಲು ಹಾಕಿ, ಲೆನ್ಸಿನ ಕೆಳಗಿಟ್ಟಳು. ಅದೇ ಹತ್ತು ಸಾಲು. ಅದೇ ಹಳದಿ ಮಚ್ಚೆ. ಒಂದನ್ನು ತಿರುಗಿಸಿ ನೋಡಿದಳು: ಗಂಡು. ಇನ್ನೊಂದು: ಅದೂ ಗಂಡು. ಹೊಟ್ಟೆಯ ಕೆಳಗೆ ಒಂದೊಂದೂ ಗಾಳಿಯ ಗುಳ್ಳೆ ಹಿಡಿದುಕೊಂಡು, ಬೆಳ್ಳಿಯ ಬೊಟ್ಟಿಟ್ಟ ಹಾಗೆ ಹೊಳೆಯುತ್ತಿದ್ದವು. ಇವು ಬದುಕಿದ್ದಾಗ ಹೀಗೆ ಹೊಳೆಯುತ್ತವೆಂದು ಅವಳ ಲೇಖನದಲ್ಲಿ ಎಲ್ಲೂ ಇರಲಿಲ್ಲ. ಪಾಚಿಯಿಂದ ಹೆಕ್ಕಿದ ಐದನ್ನೂ ಲೆನ್ಸಿನಡಿ ನೋಡುವ ಮೊದಲೇ ಅವಳು ಸ್ಪಿರಿಟ್ಟಿಗೆ ಹಾಕಿದ್ದಳು.

ನಾಲ್ಕೂಕಾಲು. ಗಂಡು ಸಿಕ್ಕಿತು, ಹೊತ್ತೂ ಇದೆ. ಆದರೆ ಜಲಪಾತದ ಹುಳ ಇಲ್ಲಿಗೆ ಹೇಗೆ ಬಂತು?

ಬಾಗಿಲು ತಟ್ಟಿ ಗುಡಿಸುವಾಕೆ ಬಂದಳು. "ಅಕ್ಕಾ, ಬಕೆಟ್ಟು ತೊಳೆದುಬಿಡ್ಲಾ?"

"ಬೇಡ! ಫಿನಾಯಿಲ್ ಹಾಕಿಬಿಟ್ಟೀಯ."

"ಫಿನಾಯಿಲ್ ಕಂಡು ಎರಡು ವರ್ಷ ಆಯ್ತು. ಬರೀ ನೀರಲ್ಲೇ ಒರೆಸ್ತಿದೀನಿ. ಅದೂ ನಿಮ್ಮದೇ ಬಕೆಟ್ಟಲ್ಲಿ."

"ನಂದೇ?"

"ಹೋದ ವರ್ಷ ಪಾಚಿ ತುಂಬಿಸ್ಕೊಂಡು ಬರೋಕೆ ಅಂತ ನನ್ನ ಹತ್ರ ಇಸ್ಕೊಂಡು ಹೋಗಿದ್ರಲ್ಲ? ಅದೇ ಇದು."

ಅವಳ ಮನಸ್ಸು ಮತ್ತೊಮ್ಮೆ ಹಗುರವಾಯಿತು. ಸರಿ! ಜಲಪಾತದಿಂದ ತಂದದ್ದರಲ್ಲಿ ಕೆಲವು ಬಕೆಟ್ಟಿನ ಅಂಚಿನಲ್ಲಿ ಉಳಿದು, ಹಿತ್ತಲಲ್ಲಿ ಸಂಸಾರ ಹೂಡಿವೆ. "ಹಾಗಾದ್ರೆ ನಾನೇ ತಂದಿದ್ದು ಇವನ್ನ," ಎಂದಳು.

"ನೀವೆಲ್ಲಿ ತಂದ್ರಿ? ನೀವು ಒಯ್ದಿದ್ದು," ಗುಡಿಸುವಾಕೆ ಸೊಂಟಕ್ಕೆ ಕೈಯಿಟ್ಟಳು. "ಕೊಡೋವಾಗ್ಲೇ ಹೇಳಿದ್ನಲ್ಲ? ಅಕ್ಕಾ, ಇದರಲ್ಲಿ ಸಣ್ಣ ಕರಿ ಹುಳ ಇದಾವೆ, ಎಷ್ಟು ಉಜ್ಜಿದ್ರೂ ಹೋಗಲ್ಲ, ತೊಳ್ಕೊಂಡು ಹೋಗಿ ಅಂತ. ನೀವು ಏನಂದ್ರಿ? ಜೀಪ್ ನಿಂತಿದೆ, ಹೋಗ್ತಿರೋದು ಹುಳಕ್ಕೇ ತಾನೆ, ಇರ್ಲಿ ಬಿಡು ಅಂದ್ರಿ."

ಅಂದಿದ್ದಳು. ಅಂದದ್ದು ಈಗ ಸ್ಪಷ್ಟವಾಗಿ ಕೇಳಿಸಿತು.

ಹುಳಗಳು ಜೀಪಿನಲ್ಲಿ ಹೋಗಿ, ಜಲಪಾತ ನೋಡಿಕೊಂಡು ಬಂದಿದ್ದವು. ಒಂದು ವರ್ಷ ಅವಳು ಬರೆದ ನಕಾಶೆ, ಎತ್ತರ, ನೀರಿನ ತಂಪು, ‘ಮನುಷ್ಯರ ಸುಳಿವಿಲ್ಲದ ಕಡೆ ಮಾತ್ರ ಬದುಕುವ ಅತಿ ನಾಜೂಕಿನ ಜೀವಿ’ ಎಂಬ ಅವಳ ಮೆಚ್ಚಿನ ವಾಕ್ಯ, ಎಲ್ಲ ಟೇಬಲ್ಲಿನ ಮೇಲೆ ಅಚ್ಚುಕಟ್ಟಾಗಿ ಕೂತಿತ್ತು. ಇದು ಗೊತ್ತಿದ್ದವರು ಇಬ್ಬರು. ಅದರಲ್ಲಿ ಒಬ್ಬಳಿಗೆ ತನಗೆ ಗೊತ್ತಿರುವುದೇ ಗೊತ್ತಿರಲಿಲ್ಲ.

ಹೆಡ್ ಕ್ಲಾರ್ಕ್ ರಿಜಿಸ್ಟರ್ ಹಿಡಿದುಕೊಂಡು ಬಂದರು. "ತಿರುಪು ಸಿಗ್ಲಿಲ್ವಂತೆ, ಹೋಗ್ಲಿ ಬಿಡಿ, ಅತ್ತೆದಲ್ವಾ. ನಿಮ್ಮ ಹುಳಕ್ಕೆ ನಂಬರ್ ಬೇಕು ಅಂದಿದ್ರಿ. ಸಿಕ್ಕಿದ ಸ್ಥಳ, ಜಲಪಾತ ಅಂತ ಬರ್ಕೊಳ್ಲಾ?"

ಪೆನ್ನು ಹಾಳೆಯ ಮೇಲೆ ನಿಂತಿತ್ತು. ಗೋಡೆಯ ಗಡಿಯಾರ ನಾಲ್ಕು ನಲವತ್ತು ತೋರಿಸುತ್ತಿತ್ತು. ಹೂಂ ಎಂದರೆ ಸಾಕಿತ್ತು. ಅವಳು ತಟ್ಟೆಯನ್ನು ರಿಜಿಸ್ಟರಿನಿಂದ ಆಚೆ ಸರಿಸಿದಳು.

"ಇವತ್ತು ಬೇಡ ಸಾರ್. ಇನ್ನೊಂದು ಸಲ ನೋಡಬೇಕು."

"ಗಡುವು ಅಂತಿದ್ರಿ?"

"ಹೌದು."

"ಒಳ್ಳೇ ಹೆಂಗಸಮ್ಮ ನೀವು," ಎಂದು ಅವರು ರಿಜಿಸ್ಟರ್ ಮಡಚಿಕೊಂಡು ಹೋದರು.

ಅವಳು ಕಪಾಟಿನಿಂದ ಚೀಟಿ ತೆಗೆದಳು. ಸೂಜಿಗೆ ಚುಚ್ಚುವ, ಉಗುರಿನಗಲದ ಚೀಟಿ. ಮೂರು ಸಾಲು ಬರೆಯಬೇಕು: ಸ್ಥಳ, ದಿನಾಂಕ, ಹಿಡಿದವರು. ‘ಹಿತ್ತಲ ನಲ್ಲಿ, ಬಕೆಟ್ಟು’ ಎಂದು ಬರೆದಳು. ದಿನಾಂಕ ಬರೆದಳು. ಆಮೇಲೆ, ಇನ್ನೂ ಬಾಗಿಲಲ್ಲೇ ನಿಂತಿದ್ದ ಗುಡಿಸುವಾಕೆಯತ್ತ ತಲೆಯೆತ್ತಿದಳು.

"ನಿನ್ನ ಪೂರ್ತಿ ಹೆಸರೇನೇ?"

ಒಂಬತ್ತು ವರ್ಷದಿಂದ ಅವಳು ದಿನಾ ನೋಡುತ್ತಿದ್ದ ಗುಡಿಸುವಾಕೆ ಗಾಬರಿಯಾದಳು. "ಯಾಕಕ್ಕಾ? ದೂರು ಕೊಡ್ತೀರಾ? ನಾಳೆಯಿಂದ ಉಜ್ಜಿ ತೊಳೀತೀನಿ ಬಿಡಿ."

"ತೊಳೀಬೇಡ. ಸುಮ್ನೆ ಕೇಳಿದೆ."

ಆಕೆ ಅನುಮಾನದಿಂದಲೇ ಹೇಳಿದಳು, ಅಪ್ಪನ ಹೆಸರಿನ ಮೊದಲ ಅಕ್ಷರದ ಸಮೇತ. ಅವಳು ಅತಿ ಸಣ್ಣ ಮೊನೆಯ ಪೆನ್ನಿನಲ್ಲಿ ಅದನ್ನು ಮೂರನೆಯ ಸಾಲಿನಲ್ಲಿ ಬರೆದು, ಮಸಿ ಆರಲೆಂದು ಊದಿದಳು. ಲೇಖನದ ಮೊದಲ ಹಾಳೆಯಲ್ಲಿ ಹುಳದ ಹೆಸರಿನ ಜಾಗ ಇನ್ನೂ ಖಾಲಿ ಬಿಟ್ಟಿತ್ತು. ಅದಕ್ಕೇನು ಬರೆಯಬೇಕೆಂಬುದೂ ಆ ಮೂರನೆಯ ಸಾಲಿನ ಜೊತೆಗೇ ತೀರ್ಮಾನವಾಗಿತ್ತು. ಅವಳು ಯಾರಿಗೂ ಹೇಳಲಿಲ್ಲ. ಲೇಖನವನ್ನು ಡ್ರಾಯರಿನೊಳಗಿಟ್ಟು, ತಟ್ಟೆಯ ಮೇಲೆ ಬಟ್ಟೆ ಮುಚ್ಚಿ, ಐದಾಗುವುದನ್ನು ಕಾಯುತ್ತ ಕೂತಳು.