ಭಾವನನ್ನು ಬಿಡುಗಡೆ ಮಾಡಿದ ಮ್ಯಾನೇಜರು

ಈ ವರ್ಷದ ಕೆಸರುಗದ್ದೆ ಹಗ್ಗಜಗ್ಗಾಟದ ಕಪ್ಪು ನಮ್ಮೂರಿಗೆ ಬರದಿದ್ದರೆ ನನ್ನ ಹೆಸರು ಚಂದ್ರಶೇಖರನೇ ಅಲ್ಲ! ಜೂನ್ ತಿಂಗಳ ಒಂದು ಬೆಳಿಗ್ಗೆ, ಎಡಗೈಯಲ್ಲಿ ಮೊಬೈಲು, ಬಲಗೈಯಲ್ಲಿ ಅಕ್ಕಿರೊಟ್ಟಿ ಹಿಡಿದುಕೊಂಡು ನಾನು ಈ ಘೋರ ಪ್ರತಿಜ್ಞೆ ಮಾಡಿದೆ. ಕೇಳಿಸಿಕೊಂಡವಳು ನನ್ನ ಹೆಂಡತಿ ಶಿವಲೀಲಾ ಒಬ್ಬಳೇ. ಅವಳು ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ, ಹೆಸರು ಬದಲಾಯಿಸುವುದಾದರೆ ಆಧಾರ್ ಕಾರ್ಡಿಗೆ ಮೂರು ಸಲ ಸಕಲೇಶಪುರಕ್ಕೆ ಅಲೆಯಬೇಕಾಗುತ್ತದೆ, ಯೋಚನೆ ಮಾಡಿ ಎಂದಳು.

ನನಗೆ ಈ ಧೈರ್ಯ ಎಲ್ಲಿಂದ ಬಂತು ಎಂದು ಮೊದಲು ಹೇಳಿಬಿಡಬೇಕು. ನಾನು ಯಸಳೂರಿನ ಹತ್ತಿರ ಒಂದು ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ ಬರೆಯುವುದು, ಕೊಯ್ದ ಕಾಫಿ ಹಣ್ಣು ತೂಗುವುದು ನನ್ನ ಕೆಲಸ. ಹಾಸನದಲ್ಲಿ ಓದುವ ಮಗಳು ಚೈತ್ರಶ್ರೀ ರಜೆಗೆ ಬಂದಾಗ ನನ್ನ ಮೊಬೈಲಿಗೆ ಒಂದು ಫುಟ್‌ಬಾಲ್ ಆಟ ಹಾಕಿಕೊಟ್ಟಳು. ಅದರಲ್ಲಿ ನಾವು ಚೆಂಡು ಒದೆಯುವಂತಿಲ್ಲ. ನಾವು ಮ್ಯಾನೇಜರು! ಯಾರನ್ನು ಕೊಳ್ಳಬೇಕು, ಯಾರನ್ನು ಮಾರಬೇಕು, ಯಾರು ಆಡಬೇಕು, ಯಾರು ಬೆಂಚಿನ ಮೇಲೆ ಕೂರಬೇಕು ಎಂದು ತೀರ್ಮಾನಿಸುವುದಷ್ಟೇ ನಮ್ಮ ಕೆಲಸ. ನಮ್ಮೂರಿನಲ್ಲಿ ಫುಟ್‌ಬಾಲ್ ಆಡುವಷ್ಟು ಸಮತಟ್ಟಾದ ಜಾಗವೇ ಇಲ್ಲ, ಚೆಂಡು ಒದ್ದರೆ ಕೆಳಗಿನ ಮೂರನೇ ತೋಟದಲ್ಲಿ ಹುಡುಕಬೇಕು. ಅಂಥ ಊರಿನವನಿಗೆ ಮೈಗೆ ಬೆವರಿಲ್ಲದೆ ಯುರೋಪಿನ ಒಂದು ಕ್ಲಬ್ಬೇ ಸಿಕ್ಕಿಬಿಟ್ಟಿತು.

ನಮ್ಮ ಕ್ಲಬ್ಬಿನ ಕ್ಯಾಪ್ಟನ್ನಿಗೆ ಮೂವತ್ತಮೂರು ವಯಸ್ಸು. ಅವನ ಹೆಸರು ಹೇಳಲು ನನ್ನ ನಾಲಗೆ ತಿರುಗದ ಕಾರಣ ಬಸಣ್ಣ ಎಂದು ಕರೆಯುತ್ತಿದ್ದೆ. ಮೊದಲ ಸೀಸನ್ನಿನಲ್ಲಿ ಬಸಣ್ಣನ ದಮ್ಮು ವಾರದಿಂದ ವಾರಕ್ಕೆ ಇಳಿಯುತ್ತಾ ಬಂತು. ಮೂವತ್ತು ದಾಟಿದವರ ಕಥೆ ಆ ಆಟದಲ್ಲಿ ಹಾಗೆಯೇ, ಸಂಬಳ ಮೇಲೇರುತ್ತದೆ, ಕಾಲು ನಿಧಾನವಾಗುತ್ತದೆ. ನಾನು ಎದೆ ಗಟ್ಟಿಮಾಡಿಕೊಂಡು ಬಸಣ್ಣನನ್ನು ಮಾರಿ ಹದಿನೇಳು, ಹದಿನೆಂಟರ ಆರು ಹುಡುಗರನ್ನು ತಂದೆ. ಎಲ್ಲರ ಹೆಸರಿನ ಮುಂದೆಯೂ ‘ಭವಿಷ್ಯ’ ಎಂಬಲ್ಲಿ ಐದೈದು ನಕ್ಷತ್ರ. ಎರಡನೇ ಸೀಸನ್ನಿನಲ್ಲಿ ಕಪ್ಪು ನಮ್ಮದಾಯಿತು. ಮಾರಿದ ಬಸಣ್ಣ ಬೇರೆ ಕ್ಲಬ್ಬು ಸೇರಿ ನಮ್ಮ ಮೇಲೆಯೇ ಎರಡು ಗೋಲು ಹೊಡೆದಿದ್ದ. ಅದನ್ನು ಆಕಸ್ಮಿಕ ಎಂದು ತಳ್ಳಿಹಾಕಿದೆ. ತಳ್ಳಿಹಾಕಬಾರದಿತ್ತು.

ಅದೇ ಸಮಯಕ್ಕೆ ನಮ್ಮೂರಿನ ಹಗ್ಗಜಗ್ಗಾಟದ ತಂಡಕ್ಕೂ ಒಬ್ಬ ಮ್ಯಾನೇಜರು ಬೇಕಾಯಿತು. ಮೂರು ವರ್ಷದಿಂದ ಸತತವಾಗಿ ಆನೇಮಹಲಿನವರ ಕೈಲಿ ಸೋತು ನಮ್ಮವರು ಬೇಸತ್ತಿದ್ದರು. ಮೀಟಿಂಗಿನಲ್ಲಿ ನನ್ನನ್ನು ಒಮ್ಮತದಿಂದ ಆರಿಸಿದರು. ಜೇಬಿನಲ್ಲಿ ಪೆನ್ನಿದ್ದವನು ನಾನೊಬ್ಬನೇ ಎಂಬುದೂ ಕಾರಣವಿರಬಹುದು.

ಮನೆಗೆ ಬಂದು ಎಂಟೂ ಜನರ ವಯಸ್ಸನ್ನು ಪಟ್ಟಿ ಮಾಡಿದೆ. ಸರಾಸರಿ ನಲವತ್ತೊಂದು! ಬಸಣ್ಣನನ್ನೇ ಮಾರಿದವನು ನಾನು, ಇವರಲ್ಲಿ ಅರ್ಧ ಜನ ಬಸಣ್ಣನಿಗೆ ಚಿಕ್ಕಪ್ಪ ಆಗುವಂಥವರು. ‘ಮೂವತ್ತರ ಮೇಲೆ ಯಾರೂ ಇಲ್ಲ’ ಎಂದು ಬರೆದು ಎರಡು ಗೆರೆ ಎಳೆದೆ. ಆ ಗೆರೆಯ ಕೆಳಗೆ ಸಿಕ್ಕಿಹಾಕಿಕೊಂಡವರಲ್ಲಿ ಎಲ್ಲರಿಗಿಂತ ಹಿರಿಯ ಸಿದ್ದಯ್ಯ, ವಯಸ್ಸು ಐವತ್ತೇಳು. ಇಪ್ಪತ್ತೆರಡು ವರ್ಷದಿಂದ ಹಗ್ಗದ ಕೊನೆಯನ್ನು ಸೊಂಟಕ್ಕೆ ಸುತ್ತಿಕೊಂಡು ನಿಲ್ಲುತ್ತಿದ್ದ ನಮ್ಮ ಕೊನೆಯಾಳು. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಸಿದ್ದಯ್ಯ ನನ್ನ ಹೆಂಡತಿಯ ಅಣ್ಣ.

ಬರಿ ಅಣ್ಣನೂ ಅಲ್ಲ. ಅಪ್ಪ ತೀರಿಕೊಂಡ ಮೇಲೆ ಶಿವಲೀಲಾಳನ್ನು ಓದಿಸಿ, ಬೆಳೆಸಿ, ಧಾರೆ ಎರೆದು ನನಗೆ ಕೊಟ್ಟವನು. ಎರಡೆಕರೆ ಕಾಫಿ, ನಾಲ್ಕು ಮೆಣಸಿನ ಬಳ್ಳಿ, ತಾನಾಯಿತು ತನ್ನ ಕೆಲಸವಾಯಿತು. ಮದುವೆ ಮನೆಯಲ್ಲೂ ಕಂಬದ ಹಿಂದೆ ಕೂರುವ ಆಸಾಮಿ. ವರ್ಷದಲ್ಲಿ ಒಂದೇ ಒಂದು ದಿನ, ಆ ಕೆಸರುಗದ್ದೆಯಲ್ಲಿ, ಇಡೀ ಹೋಬಳಿ ಅವನ ಹೆಸರು ಹಿಡಿದು ಕೂಗುತ್ತಿತ್ತು. ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಪಟ್ಟಿಯಲ್ಲಿ ಇದಕ್ಕೆಲ್ಲ ಕಾಲಂ ಇರಲಿಲ್ಲ.

ಆಟದಲ್ಲಾದರೆ ‘ಬಿಡುಗಡೆ’ ಎಂಬ ಗುಂಡಿ ಒತ್ತಿದರೆ ಮುಗಿಯಿತು. ನಾನು ಊರಿನ ವಾಟ್ಸಾಪ್ ಗುಂಪಿನಲ್ಲಿ ಹೊಸ ತಂಡದ ಹೆಸರುಗಳನ್ನು ಹಾಕಿ, ಕೆಳಗೆ ‘ಸಿದ್ದಯ್ಯನವರು ಇನ್ನು ಮುಂದೆ ತಂಡದ ಮಾರ್ಗದರ್ಶಕರು, ಅವರಿಗಾಗಿ ಗದ್ದೆಯ ಬದುವಿನಲ್ಲಿ ಕುರ್ಚಿ ಮತ್ತು ಕೊಡೆಯ ವ್ಯವಸ್ಥೆ ಇರುತ್ತದೆ’ ಎಂದು ಸೇರಿಸಿ, ಎರಡು ಕೈಮುಗಿಯುವ ಚಿತ್ರ ಹಾಕಿದೆ. ಅಡುಗೆಮನೆಯಲ್ಲಿ ಶಿವಲೀಲಾಳ ಮೊಬೈಲು ಟಿಣ್ ಎಂದಿತು. ಸೌಟು ಹಿಡಿದುಕೊಂಡೇ ಹೊರಗೆ ಬಂದಳು.

“ಅಣ್ಣಂಗೆ ಬಾಯಲ್ಲಿ ಒಂದು ಮಾತು ಹೇಳುದ್ರಾ?”

“ಮೆಸೇಜು ಹಾಕಿದೀನಲ್ಲ ಕಣೇ.”

“ಅವನ ಫೋನಲ್ಲಿ ವಾಟ್ಸಾಪ್ ಎಲ್ಲೈತೆ? ಊರೋರೆಲ್ಲ ಓದಿ ಆದ್ಮೇಲೆ ಅವನಿಗೆ ಗೊತ್ತಾಗ್ಬೇಕಾ?”

ಇದು ವೃತ್ತಿಪರ ತೀರ್ಮಾನ, ಸಂಬಂಧ ಬೇರೆ, ಸಾಧನೆ ಬೇರೆ ಎಂದೆಲ್ಲ ನಾನು ಹೇಳಿದೆ. ಅವಳು ಸೌಟು ಹಿಡಿದುಕೊಂಡೇ ಒಳಗೆ ಹೋದಳು. ಮರುದಿನದಿಂದ ನನಗೆ ಟೀ ಶುರುವಾಯಿತು. ಕಾಫಿ ತೋಟದ ನಡುವೆ, ಕಾಫಿ ಪುಡಿಯ ಘಮಘಮ ಮನೆತುಂಬ ಇರುವಾಗ, ರೈಟರಿಗೆ ಹದಿನೈದು ದಿನ ಟೀ! ಅದೂ ಆರಿದ್ದು.

ಮೂರನೇ ದಿನ ಸಿದ್ದಯ್ಯನೇ ಮನೆಗೆ ಬಂದ. ಬೈಯುತ್ತಾನೆಂದು ನಾನು ಮಾತು ಜೋಡಿಸಿಕೊಂಡು ಕೂತಿದ್ದೆ. ಅವನು ಬೈಯಲಿಲ್ಲ. ಕಂಕುಳಲ್ಲಿದ್ದ ಒಂದು ಗೋಣಿಯ ಪಟ್ಟಿಯನ್ನು ತೆಗೆದು ಮೇಜಿನ ಮೇಲಿಟ್ಟ. ಹಗ್ಗ ಸೊಂಟವನ್ನು ಕೊಯ್ಯದಿರಲೆಂದು ಅವನು ಪ್ರತಿವರ್ಷ ಕಟ್ಟಿಕೊಳ್ಳುತ್ತಿದ್ದ ಪಟ್ಟಿ ಅದು. ಮೂರು ಮಡಿಕೆಯ ಹೊಲಿಗೆ, ಅಂಚಿಗೆ ಶಿವಲೀಲಾಳದೇ ಹಳೆಯ ಸೀರೆಯ ಬಟ್ಟೆ. ತೊಳೆದು, ಒಣಗಿಸಿ ತಂದಿದ್ದ.

“ಕೊನೇಲಿ ಯಾವ ಹುಡುಗ ನಿಲ್ತಾನೆ ಹೇಳು ಚಂದ್ರು, ಕಟ್ಟೋದು ಹೆಂಗೆ ಅಂತ ತೋರಿಸ್ಬುಟ್ಟು ಹೋಯ್ತೀನಿ” ಎಂದ.

ಈಗಿನವರು ಬೆಲ್ಟು ಹಾಕುತ್ತಾರೆ, ಇದು ಹಳೇ ಕಾಲದ್ದಾಯಿತು ಭಾವ, ಇಟ್ಟುಕೊಳ್ಳಿ ಎಂದುಬಿಟ್ಟೆ. ಅವನು ಒಂದು ಕ್ಷಣ ಆ ಪಟ್ಟಿಯನ್ನು ನೋಡಿದ, ಮತ್ತೆ ಮಡಿಸಿ ಕಂಕುಳಲ್ಲಿಟ್ಟುಕೊಂಡ, ತಂಗಿ ಕೊಟ್ಟ ಕಾಫಿ ಕುಡಿದು ಹೋದ. ಆಮೇಲೆ ಹಾಜರಿ ಪುಸ್ತಕದಲ್ಲಿ ಒಂದೇ ಹೆಸರನ್ನು ಎರಡು ಸಲ ಬರೆದೆ. ಟೀಯಿಂದ ಇರಬೇಕು ಎಂದುಕೊಂಡೆ.

ಹೊಸ ತಂಡವೇನೋ ನೋಡಲು ಚಂದವಿತ್ತು. ಕೊನೆಯಾಳಾಗಿ ಅಭಿಷೇಕ್, ಇಪ್ಪತ್ತಮೂರು ವಯಸ್ಸು, ಸಕಲೇಶಪುರದ ಜಿಮ್ಮಿಗೆ ಹೋಗಿ ಎತ್ತಿನ ಭುಜ ಬೆಳೆಸಿದವನು. ಉಳಿದ ಏಳು ಜನವೂ ಇಪ್ಪತ್ತರ ಆಸುಪಾಸು. ಎಂಟು ಜನರ ಒಟ್ಟು ತೂಕ ಆರುನೂರು ಕೆಜಿ ಮೀರಬಾರದು ಎಂಬ ನಿಯಮವಿತ್ತಾದ್ದರಿಂದ ಒಬ್ಬೊಬ್ಬರನ್ನೇ ನಮ್ಮ ಸ್ಟೋರಿನ ತೂಕದ ಯಂತ್ರದ ಮೇಲೆ ನಿಲ್ಲಿಸಿ, ಕಾಫಿ ಹಣ್ಣು ತೂಗುವಷ್ಟೇ ಶ್ರದ್ಧೆಯಿಂದ ತೂಗಿ, ಪುಸ್ತಕದಲ್ಲಿ ಬರೆದುಕೊಂಡೆ. ಒಟ್ಟು ಐನೂರ ತೊಂಬತ್ತೆಂಟು. ಇಂಥ ಕರಾರುವಾಕ್ಕು ತಂಡ ಕಟ್ಟಲು ರೈಟರೇ ಬೇಕು! ಮೀಸಲು ಆಟಗಾರ ಎಂದು ಒಬ್ಬರ ಹೆಸರು ಬರೆಯಲೇಬೇಕಿತ್ತು, ಶಾಸ್ತ್ರಕ್ಕೆ ನನ್ನದೇ ಬರೆದೆ. ಯಾರೂ ಜಾಗ ಬದಲಾಯಿಸಬಾರದು, ಜಾಗ ಬದಲಾದರೆ ಆಟಗಾರನ ಯೋಗ್ಯತೆ ಅರ್ಧಕ್ಕೆ ಇಳಿಯುತ್ತದೆ ಎಂದು ಹುಡುಗರಿಗೆ ಹದಿನೈದು ದಿನ ಉಪದೇಶ ಮಾಡಿದೆ. ಪಾಪ, ನಂಬಿದರು.

ಆಟದ ದಿನ ಬಂತು. ಬದುವಿನ ಮೇಲೆ ಜನ, ಮೈಕು, ಮಿರ್ಚಿ ಬಜ್ಜಿ. ಭಾವನಿಗಾಗಿ ಹಾಕಿಸಿದ ಪ್ಲಾಸ್ಟಿಕ್ ಕುರ್ಚಿ, ಅದಕ್ಕೆ ಕಟ್ಟಿದ ಕೊಡೆ ಸಿದ್ಧವಿದ್ದವು. ಭಾವ ಮಾತ್ರ ಇರಲಿಲ್ಲ. ಬೇಸರವಾಗಿರಬೇಕು, ಸಂಜೆ ಹೋಗಿ ಮಾತಾಡಿಸಿದರಾಯಿತು ಎಂದುಕೊಳ್ಳುವಷ್ಟರಲ್ಲಿ ಆನೇಮಹಲಿನವರ ಜೀಪು ಬಂತು. ಹಳದಿ ಬನಿಯನ್ನಿನ ಎಂಟು ಜನ ಇಳಿದರು. ಎಂಟನೆಯವನು ಇಳಿದಾಗ ಜೀಪು ನಾಲ್ಕು ಬೆರಳು ಮೇಲೆದ್ದಿತು. ಸಿದ್ದಯ್ಯ! ಹಳದಿ ಬನಿಯನ್ನು, ಸೊಂಟದಲ್ಲಿ ಗೋಣಿಯ ಪಟ್ಟಿ.

ನಾನು ಓಡಿಹೋಗಿ ತೀರ್ಪುಗಾರರಾದ ಪಿಟಿ ಮೇಷ್ಟ್ರು ಜವರಯ್ಯನವರ ಮುಂದೆ ನಿಂತು, ಇದು ಅನ್ಯಾಯ, ಇವರು ನಮ್ಮೂರಿನವರು ಎಂದು ಕೂಗಿದೆ. ಅವರು ನಿಧಾನವಾಗಿ ಕನ್ನಡಕ ಹಾಕಿಕೊಂಡು ನಿಯಮದ ಹಾಳೆ ತೆಗೆದು ಓದಿದರು. ಊರಿನವರು ಅಥವಾ ಆ ಊರಿಗೆ ಹೆಣ್ಣು ಕೊಟ್ಟವರು ಆಡಬಹುದು. ಸಿದ್ದಯ್ಯನ ಮಗಳು ದೀಪಶ್ರೀಯನ್ನು ಕೊಟ್ಟಿರುವುದು ಆನೇಮಹಲಿಗೆ. ಆ ಮದುವೆಯಲ್ಲಿ ಬಡಿಸಿದವನೂ ನಾನೇ.

ಅಷ್ಟರಲ್ಲಿ ತೂಕ ಶುರುವಾಯಿತು. ನಮ್ಮ ಎಂಟು ಜನರನ್ನು ತೂಗಿ ಜವರಯ್ಯ ಮೇಷ್ಟ್ರು ಆರುನೂರ ಆರು ಎಂದರು. ಯಂತ್ರ ಸರಿಯಿಲ್ಲ ಎಂದೆ. ಮತ್ತೆ ತೂಗಿದರು. ಆರುನೂರ ಆರು. ನನ್ನ ಪುಸ್ತಕ ತೆಗೆದು ಒಬ್ಬೊಬ್ಬರದೇ ಹೋಲಿಸಿದೆವು. ಅಭಿಷೇಕ್ ನನ್ನ ಲೆಕ್ಕದಲ್ಲಿ ಎಂಬತ್ತಮೂರು, ಅಲ್ಲಿ ಎಂಬತ್ತನಾಲ್ಕು. ಮುಂದಿನವನಿಗೂ ಒಂದು ಕಡಿಮೆ. ಅದರ ಮುಂದಿನವನಿಗೂ ಒಂದು ಕಡಿಮೆ. ಆಗ ನನಗೆ ಹೊಳೆಯಿತು. ಕಾಫಿ ಹಣ್ಣು ತೂಗುವಾಗ ಪ್ರತಿ ಮೂಟೆಗೂ ಚೀಲದ್ದು, ಎಲೆಕಡ್ಡಿಯದ್ದು ಎಂದು ಒಂದು ಕೆಜಿ ಕಳೆದು ಬರೆಯುವುದು ಎಸ್ಟೇಟಿನ ಪದ್ಧತಿ. ಇಪ್ಪತ್ತು ವರ್ಷದಿಂದ ಕಳೆದೂ ಕಳೆದೂ ನನ್ನ ಕೈ ತಾನಾಗಿಯೇ ಕಳೆಯುತ್ತದೆ. ಎಂಟು ಹುಡುಗರನ್ನೂ ನಾನು ಮೂಟೆ ಎಂದೇ ತೂಗಿದ್ದೆ!

ಆರು ಕೆಜಿ ಇಳಿಯಬೇಕು. ಅಷ್ಟು ಇಳಿಯಬೇಕಾದರೆ ಎಲ್ಲರಿಗಿಂತ ಭಾರದ ಅಭಿಷೇಕ್ ಹೊರಗೆ, ಮೀಸಲು ಆಟಗಾರ ಒಳಗೆ. ಮೀಸಲು ಆಟಗಾರ ಯಾರೆಂದು ಮೇಷ್ಟ್ರು ಹಾಳೆ ನೋಡಿದರು. ಹಾಳೆಯಿಂದ ತಲೆಯೆತ್ತಿ ನನ್ನನ್ನು ನೋಡಿದರು. ಚಂದ್ರಶೇಖರ, ವಯಸ್ಸು ನಲವತ್ತೊಂಬತ್ತು, ಎಪ್ಪತ್ತೊಂದು ಕೆಜಿ, ಭವಿಷ್ಯ ಎಂಬಲ್ಲಿ ಒಂದು ನಕ್ಷತ್ರವೂ ಇಲ್ಲ. ನಾನು ನಡುವೆ ಎಲ್ಲಾದರೂ ನಿಲ್ಲುತ್ತೇನೆ, ಕೊನೆಗೆ ಬೇರೆ ಯಾರಾದರೂ ಹೋಗಿ ಎಂದು ಹುಡುಗರನ್ನು ಬೇಡಿಕೊಂಡೆ. ಜಾಗ ಬದಲಾಯಿಸಬಾರದು ಅಂತ ನೀವೇ ಹೇಳಿದ್ರಲ್ಲ ಅಣ್ಣ ಎಂದರು.

ಹೀಗೆ ಯುರೋಪಿನ ಮ್ಯಾನೇಜರು ಮಂಡಿಯುದ್ದ ಕೆಸರಿಗಿಳಿದು, ಹಗ್ಗದ ಕೊನೆಯನ್ನು ಸೊಂಟಕ್ಕೆ ಹೇಗೋ ಸುತ್ತಿಕೊಂಡು ನಿಂತ. ಹಗ್ಗದ ಆ ಕೊನೆಯಲ್ಲಿ ಬಸಣ್ಣ. ಅಲ್ಲ, ಭಾವ. ಸೀಟಿ ಊದಿದ್ದು ಕೇಳಿಸಿತು. ಆಮೇಲೆ ಕೇಳಿಸಿದ್ದೆಲ್ಲ ಕೆಸರಿನೊಳಗಿನಿಂದ. ನಾನು ಗದ್ದೆಯನ್ನು ಮೂಗಿನಿಂದ ಉಳುತ್ತಾ ಸಾಗಿ, ನಡುಗೆರೆ ದಾಟಿ, ಸಸಿ ನೆಡುವಷ್ಟು ಹದ ಮಾಡಿ ನಿಂತೆ. ಹನ್ನೊಂದು ಸೆಕೆಂಡು ಎಂದು ಮೈಕಿನಲ್ಲಿ ಹೇಳಿದರು. ಮೂರು ಎಳೆತದಲ್ಲಿ ಎರಡು ಗೆದ್ದವರಿಗೆ ಪಂದ್ಯ, ಅಂದರೆ ಇನ್ನೊಂದು ಸಲ ನಾನು ಎದ್ದು ನಿಲ್ಲಲೇಬೇಕಿತ್ತು.

ಸೊಂಟ ಹಿಡಿದುಕೊಂಡು ಏಳುವಾಗ ಎದುರಿಗೆ ಹಳದಿ ಬನಿಯನ್ನು ಕಾಣಿಸಿತು. ಸಿದ್ದಯ್ಯ ನನ್ನ ಕಣ್ಣಿನ ಕೆಸರನ್ನು ತನ್ನ ಹೆಬ್ಬೆರಳಿನಿಂದ ಒರೆಸಿದ. ನಾನು ಹಾಕಿಕೊಂಡಿದ್ದ ಗಂಟು ಬಿಚ್ಚಿದ.

“ಹಿಂಗ್ ಕಟ್ಕಂಡ್ರೆ ಸೊಂಟ ಮುರುದೋಗ್ತದೆ ಮಾರಾಯ” ಎಂದವನೇ ತನ್ನ ಸೊಂಟದ ಗೋಣಿಪಟ್ಟಿ ತೆಗೆದು ನನಗೆ ಕಟ್ಟಿದ. ಹಗ್ಗವನ್ನು ಅದರ ಮೇಲೆ ಸುತ್ತಿ, ಎಳೆದು ನೋಡಿ, ಮಗುವಿಗೆ ಚಡ್ಡಿ ಹಾಕಿದಂತೆ ಸರಿಮಾಡಿದ. ಆಮೇಲೆ ಪಟ್ಟಿಯಿಲ್ಲದ ಬರಿ ಸೊಂಟಕ್ಕೆ ಹಗ್ಗ ಸುತ್ತಿಕೊಳ್ಳಲು ತನ್ನ ಜಾಗಕ್ಕೆ ಹೋದ. ಇಪ್ಪತ್ತೆರಡು ವರ್ಷ ಕಟ್ಟಿಕೊಂಡಿದ್ದ ಪಟ್ಟಿಯನ್ನು ಹಳೇ ಕಾಲದ್ದು ಎಂದ ಬಾಯಿ ನನ್ನದೇ. “ಭಾವ, ತಪ್ಪಾಯ್ತು” ಎಂದೆ. ಜನರ ಗದ್ದಲದಲ್ಲಿ ಅವನಿಗೆ ಕೇಳಿಸಿತೋ ಇಲ್ಲವೋ ಎಂದು ನೋಡಿದರೆ, ಕೇಳಿಸಿತ್ತು. ತಲೆಯಾಡಿಸಿದ.

ಮೇಷ್ಟ್ರು ಸೀಟಿ ಊದಿದರು. ಒಂಬತ್ತೇ ಸೆಕೆಂಡಿಗೆ ಭಾವ ನನ್ನನ್ನು ಮತ್ತೆ ಕೆಸರಲ್ಲಿ ಎಳೆದುಕೊಂಡು ಹೋದ. ಪಟ್ಟಿ ಕಟ್ಟಿದ್ದು ನನ್ನ ಸೊಂಟ ಉಳಿಯಲಿ ಎಂದು, ನಾನು ಗೆಲ್ಲಲಿ ಎಂದಲ್ಲ.

ಸಂಜೆ ಶಿವಲೀಲಾ ಬಚ್ಚಲಿನಲ್ಲಿ ನನ್ನನ್ನು ಕೂರಿಸಿ ಹಂಡೆಯ ಬಿಸಿನೀರು ಹೊಯ್ದಳು. ಕಿವಿಯಿಂದ ಒಂದು ಬೊಗಸೆ ಗದ್ದೆ ಹೊರಬಂತು. ಆನೇಮಹಲಿನವರಿಗೆ ಆ ನಿಯಮ ನೆನಪಿಸಿದ್ದು ಯಾರಿರಬಹುದು ಎಂದು ಕೇಳಿದೆ. ದೀಪಶ್ರೀಗೆ ಫೋನು ಮಾಡಿ ಹೇಳಿದ್ದು ನಾನೇ ಎಂದಳು, ಇನ್ನೊಂದು ಚೊಂಬು ಹೊಯ್ಯುತ್ತಾ. ಕೋಪ ಬರಲಿಲ್ಲ. ಸ್ನಾನವಾದ ಮೇಲೆ ಕೈಗೆ ಲೋಟ ಕೊಟ್ಟಳು. ಕಾಫಿ! ಬಿಸಿಬಿಸಿ! ಸೋತದ್ದೆಲ್ಲ ಮರೆತುಹೋಯಿತು.

ಮುಂದಿನ ವರ್ಷ ಭಾವನ ಕಾಲಿಗೆ ಬಿದ್ದಾದರೂ ನಮ್ಮ ತಂಡಕ್ಕೆ ಕರೆತರುತ್ತೇನೆ ಎಂದೆ.

“ಅಣ್ಣ ಬರ್ತೀನಿ ಅಂದಾಯ್ತು. ನಿಮ್ಮ ನಿಯಮಾನೂ ಊರೋರು ಒಪ್ಕಂಡವ್ರೆ, ಮೂವತ್ತರ ಮೇಲೆ ಯಾರೂ ಬ್ಯಾಡ ಅಂತ. ಆದ್ರೆ ಆಟ ಆಡೋರಿಗಲ್ವಂತೆ, ಮ್ಯಾನೇಜರಿಗಂತೆ. ಚೈತ್ರನ್ನ ಮಾಡವ್ರೆ.”

“ಹಂಗಾದ್ರೆ ನಾನು?”

ಅವಳು ಖಾಲಿ ಲೋಟ ಇಸಿದುಕೊಂಡು, ಮುಖದಲ್ಲಿ ನಗುವಿನ ಸುಳಿವೂ ಇಲ್ಲದೆ ಹೇಳಿದಳು.

“ಮಾರ್ಗದರ್ಶಕರು. ಅದೇ ಕುರ್ಚಿ, ಅದೇ ಕೊಡೆ. ವಾಟ್ಸಾಪಲ್ಲಿ ಹಾಕವ್ರೆ, ನೋಡ್ಕಳಿ.”