ಮೇವು ಬಿಟ್ಟ ದಲ್ಲಾಳಿ

ತಿಂಗಳಿಗೆ ನಾಲ್ಕು ಸೂಜಿ. ಅಷ್ಟೇ ದುಡ್ಡಿಗೆ ಬೇತಮಂಗಲದ ಕಡೆ ಒಳ್ಳೆಯ ಕಡಸು ಸಿಗುತ್ತದೆ. ಆ ದುಡ್ಡು ಸೂಜಿಗೆ ಕೊಟ್ಟದ್ದೇಕೆಂದರೆ, ಹೋದ ವರ್ಷ ನನ್ನ ಎದೆಗೆ ಸ್ಟೆಂಟ್ ಹಾಕಿದ ಡಾಕ್ಟರಮ್ಮ, "ಈ ಇಂಜೆಕ್ಷನ್ ತೂಕಾನೂ ಇಳಿಸುತ್ತೆ, ನಿಮ್ಮಂಥೋರಿಗೆ ಇನ್ನೊಂದು ಹಾರ್ಟ್ ಅಟ್ಯಾಕ್ ಆಗೋ ಅಪಾಯಾನೂ ತಗ್ಗಿಸುತ್ತೆ" ಎಂದರು.

ಅಲ್ಲೇ ನನಗೆ ಅನುಮಾನ. ಬಂಗಾರಪೇಟೆಯಲ್ಲಿ ಮೂವತ್ತು ವರ್ಷ ದನದ ದಲ್ಲಾಳಿ ನಾನು. "ಹಾಲೂ ಕೊಡ್ತದೆ, ನೇಗಿಲೂ ಎಳೀತದೆ" ಎಂದವನ ಹಸುವಿನ ಬಾಯನ್ನು ಎರಡು ಸಲ ಬಿಡಿಸಿ ನೋಡುತ್ತೇನೆ. ಡಾಕ್ಟರಮ್ಮನ ಬಾಯಿ ಬಿಡಿಸುವಂತಿಲ್ಲವಲ್ಲ!

ಆದರೂ ಚುಚ್ಚಿಕೊಳ್ಳಲು ಶುರು ಮಾಡಿದೆ. ಎರಡನೇ ತಿಂಗಳು ಪಾನಿಪುರಿ ಗಾಡಿಯ ಮುಂದೆ ನಿಂತೆ. ಎರಡು ಪೂರಿಗೇ ಸಾಕೆನಿಸಿತು. ಎದೆ ಹೊಡೆದುಕೊಂಡಿತು. ನಮ್ಮ ವ್ಯಾಪಾರದಲ್ಲಿ ಕೊಳ್ಳುವ ಮುಂಚೆ ಹಸುವಿನ ಮುಂದೆ ಒಂದು ಹಿಡಿ ಹಸಿಹುಲ್ಲು ಹಿಡಿಯುತ್ತೇವೆ. ಮೂತಿ ತಿರುಗಿಸಿದರೆ ಬಿಟ್ಟಿ ಕೊಟ್ಟರೂ ಹಗ್ಗ ಹಿಡಿಯುವುದಿಲ್ಲ. ಆ ಪ್ರಕಾರ ನನ್ನನ್ನು ನಾನೇ ಕೊಳ್ಳುತ್ತಿರಲಿಲ್ಲ. ನಾಡಿ ಎಣಿಸಿಕೊಂಡೆ, ಅದೂ ಚೂರು ಜೋರು. ಸೂಜಿ ನಿಲ್ಲಿಸಿಯೇಬಿಟ್ಟೆ. ಹೆಂಡತಿ ರತ್ನಮ್ಮನಿಗೆ ಗೊತ್ತಾಗದಿರಲೆಂದು ತಿಂಗಳು ತಿಂಗಳೂ ಕೊಂಡು ತಂದು, ಭಾನುವಾರ ಬಾಗಿಲು ಹಾಕಿಕೊಂಡು, ಚುಚ್ಚಿಕೊಂಡವನಂತೆ "ಉಸ್" ಎನ್ನುತ್ತಿದ್ದೆ. ಚೌಕಾಸಿಯಲ್ಲಿ ಹೆಸರು ಮಾಡಿದವನು, ಪೂರ್ತಿ ಬೆಲೆಗೆ ಬರೀ ಉಸ್ ಕೊಂಡೆ.

ಹಸಿವು ಬಂತು, ಹೊಟ್ಟೆಯೂ ಬಂತು. ಒಂದು ಬೆಳಿಗ್ಗೆ ರೈಲ್ವೆ ಸ್ಟೇಷನ್ನಿನ ಮೇಲ್ಸೇತುವೆಯ ಅರ್ಧದಲ್ಲಿ ಎದೆ ಹಿಡಿದು ಕೂತುಬಿಟ್ಟೆ. ಜೊತೆಗಿದ್ದ ರತ್ನಮ್ಮ ಸೆರಗಿನಿಂದ ನನ್ನ ಬೆವರು ಒರೆಸುತ್ತ, "ಏನೂ ಆಗಲ್ಲ ಏಳಯ್ಯೋ, ನಾನಿಲ್ವಾ" ಎನ್ನುತ್ತ ನನ್ನನ್ನು ಎಬ್ಬಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಪುಣ್ಯಕ್ಕೆ ಅಟ್ಯಾಕ್ ಆಗಿರಲಿಲ್ಲ. "ಇಂಜೆಕ್ಷನ್ ತಗೊಳ್ತಿದ್ದೀರಾ?" ಎಂದರು ಡಾಕ್ಟರಮ್ಮ. ನಾನು ಬಾಯಿ ತೆಗೆಯುವ ಮುಂಚೆ ರತ್ನಮ್ಮ, "ಇವತ್ತು ಬೆಳಿಗ್ಗೆ ಫ್ರಿಡ್ಜ್ ಒರೆಸಿದೆ ಕಣಮ್ಮ. ದೋಸೆ ಇಟ್ಟಿನ ಇಂದೆ ಎಂಟು ಸೂಜಿ ಅಂಗಂಗೇ ಅವೆ. ಈವಯ್ಯ ವಾರಾವಾರ ಬರೀ ಬಾಯಲ್ಲೇ ಚುಚ್ಕೊಂತಿದ್ದ ಅನ್ಸ್ತದೆ!"

ಹಸಿವು ಸತ್ತದ್ದು, ನಾಡಿ ಜೋರಾದದ್ದು ಎಲ್ಲ ಒಪ್ಪಿಸಿದೆ. ಡಾಕ್ಟರಮ್ಮ ಎಂದರು, "ಹಸಿವು ತಗ್ಗಿಸೋದೇ ಅದರ ಕೆಲಸ. ನಾಡಿ ಸ್ವಲ್ಪ ಏರಬಹುದು, ಅದನ್ನ ನನಗೆ ಹೇಳೋದಲ್ವಾ?"

"ಹೃದಯಕ್ಕೆ ಗ್ಯಾರಂಟಿ ಕೊಡ್ತೀರಾ?" ಎಂದೆ.

"ಇಲ್ಲ. ಅಪಾಯ ಕಡಿಮೆಯಾಗುತ್ತೆ, ಅಷ್ಟೇ."

ಆಗ ನಂಬಿಕೆ ಬಂತು. ಗ್ಯಾರಂಟಿ ಕೊಡಲ್ಲ ಎಂದವನ ಹಸು ನನಗೆಂದೂ ಮೋಸ ಮಾಡಿಲ್ಲ. ಮತ್ತೆ ಚಿಕ್ಕ ಡೋಸಿನಿಂದ ಶುರು.

ಆದ್ದರಿಂದ ಕೇಳಿ: ಅನುಮಾನ ಪಡಿ, ಆದರೆ ಡಾಕ್ಟರ ಎದುರಿಗೇ ಪಡಿ. ಕೇಳದೆ ಶುರು ಮಾಡಬೇಡಿ, ಹೇಳದೆ ನಿಲ್ಲಿಸಬೇಡಿ. ಸೂಜಿಯನ್ನು ಮನೆಯವರ ಕೈಗೆ ಕೊಡಿ. ನನ್ನ ರತ್ನಮ್ಮ ಭಾನುವಾರ ಚುಚ್ಚುವ ಮುಂಚೆ ನನ್ನ ಬಾಯಿ ಬಿಡಿಸಿ ನೋಡುತ್ತಾಳೆ, ಮೂರನೇ ಪೂರಿಯ ವಾಸನೆ ಇದೆಯಾ ಎಂದು.