ಡೈರಿ ದಾಟಿ ಬರುವ ಕಾರ್ಡು

ನಾನು ಸುಲಭವಾಗಿ ಸಿಟ್ಟಾಗುವವಳಲ್ಲ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಯಜಮಾನರು ಮುಖ ಗಂಟು ಹಾಕಿಕೊಂಡರೆ ಸುಮ್ಮನೆ ಒಂದು ಸೌಟು ಬಿಸಿನೀರು ಬೆರೆಸಿ ಬಡಿಸುತ್ತೇನೆ. ಸಾನಮಾವು ಕಾಡಿನಿಂದ ಆನೆ ಇಳಿದು ನಮ್ಮ ಕೋಸಿನ ತೋಟ ತುಳಿದುಹೋದಾಗಲೂ, ಪಾಪ, ಅದಕ್ಕೂ ಹೊಟ್ಟೆಯಿದೆಯಲ್ಲ ಎಂದುಕೊಂಡವಳು. ಆದರೆ ನನ್ನ ಹೆಸರಿಗೆ ಬಂದ ಕಾರ್ಡನ್ನು ನನಗಿಂತ ಮೊದಲು ಊರು ಓದಿತೆಂದರೆ ಮಾತ್ರ ಮೈಯೆಲ್ಲ ಉರಿಯುತ್ತದೆ.

ಕಾರ್ಡು ಹಾಕುವವಳು ವನಜಾ. ಊರಿನ ಕನ್ನಡ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಕಲಿತವರು ನಾವು. ಈಗ ಅವಳ ಮನೆ ಕೃಷ್ಣಗಿರಿಯಲ್ಲಿ; ಅವಳಿರುವುದು ಮಾತ್ರ ಯಾತ್ರೆಯ ಬಸ್ಸಿನಲ್ಲಿ. ಹೋದ ಕಡೆಯಿಂದೆಲ್ಲ ನನಗೊಂದು ಕಾರ್ಡು. ಫೋನಿಗೆ ಫೋಟೋ ಕಳಿಸುವವರು ನನಗೂ ಇದ್ದಾರೆ. ಐವತ್ತು ಜನಕ್ಕೆ ಕಳಿಸುವಾಗ ನನಗೂ ಒಂದು ಎಸೆಯುತ್ತಾರೆ. ಕಾರ್ಡು ಹಾಗಲ್ಲ. ಎಲ್ಲೋ ಛತ್ರದ ಮೆಟ್ಟಿಲ ಮೇಲೆ ಕೂತು, ಮೊಣಕಾಲನ್ನೇ ಮೇಜು ಮಾಡಿಕೊಂಡು, ನನ್ನೊಬ್ಬಳನ್ನೇ ನೆನೆದು ಬರೆದದ್ದು. ಹಸುವಿಗೆ ಹುಲ್ಲು ಹಾಕಿ, ಕೈ ತೊಳೆದು, ಜಗಲಿಯ ಮೇಲೆ ಕಾಲು ಚಾಚಿ ಅದನ್ನು ಓದುವಾಗ ನಾನೂ ಒಂದು ಸುತ್ತು ಕಾಶಿಗೆ ಹೋಗಿಬರುತ್ತೇನೆ.

ಆ ಸುಖಕ್ಕೆ ಕಲ್ಲು ಬೀಳುವುದು ಹಾಲಿನ ಡೈರಿಯಲ್ಲಿ. ನಮ್ಮೂರು ತಮಿಳುನಾಡಿನ ಗಡಿಯೊಳಗಿದೆ; ಅಂಚೆಯ ಮುರುಗನ್ ಓದುವುದು ತಮಿಳು. ವನಜಾ ವಿಳಾಸ ಬರೆಯುವುದು ಕನ್ನಡದಲ್ಲಿ. ಪಿನ್‌ಕೋಡಿನ ದಯೆಯಿಂದ ಊರು ಸೇರುವ ಕಾರ್ಡು, ವಿಳಾಸ ಓದಿಸಲೆಂದು ಡೈರಿಯ ನಾರಾಯಣಪ್ಪನ ಕೈಗೆ ಹೋಗುತ್ತದೆ. ವಿಳಾಸ ಓದಿದವನು ಅಲ್ಲಿಗೇ ನಿಲ್ಲುತ್ತಾನೆಯೇ?

"ಈ ಊರಾಗೆ ಕನ್ನಡದ ಕಾರ್ಡು ಬರೋದು ನಂಗೊಬ್ಬಳಿಗೇ ಅಂತ ನಿಂಗೊತ್ತಿಲ್ವೇನಪ್ಪಾ?" ಎಂದು ಮುರುಗನ್‌ನನ್ನು ಕೇಳಿದೆ.

"ಗೊತ್ತಕ್ಕಾ. ಆದ್ರೂ ಅಡ್ರೆಸ್ ನೋಡ್ದೆ ಕೊಡಕೂಡ್ದು. ರೂಲ್ಸು."

ಹೋದ ತಿಂಗಳು ಹಾಲು ಹಾಕಲು ಹೋದರೆ ನಾರಾಯಣಪ್ಪ ಅಳೆಯುತ್ತಲೇ ಶುರುಮಾಡಿದ. "ಏನಕ್ಕೋ, ಕಾಸೀಲಿ ಬೋ ಚಳಿಯಂತೆ? ನಿನ್ ಮಂಡಿನೋವಿಗೆ ಅದ್ಯಾವ್ದೋ ಎಣ್ಣೆ ತತ್ತಾಳಂತೆ!" ಸಾಲಿನಲ್ಲಿ ನನ್ನ ಹಿಂದಿದ್ದ ರತ್ನಮ್ಮ, "ನಂಗೂ ಒಂದ್ ಸೀಸೆ ಯೋಳಕ್ಕಾ" ಎಂದಳು. ಕಾರ್ಡು ನನ್ನ ಕೈಗೆ ಸಿಕ್ಕಿದ್ದು ಆಮೇಲೆ. ಮೂಲೆಯಲ್ಲಿ ಹಸುವಿನ ಡಾಕ್ಟರ ಫೋನ್ ನಂಬರು, ಹಿಂಬದಿಯ ಗಂಗೆಯ ಚಿತ್ರದ ಮೇಲೆ ಟೀ ಲೋಟದ ಗುಂಡು ಗುರುತು!

"ಇನ್ನೊಬ್ರ ಕಾಗ್ದ ಓದೋಕೆ ನಾಚ್ಕೆ ಆಗಲ್ವಾ?"

"ಅದು ತೆರಕೊಂಡೇ ಬತ್ತದಲ್ಲಕ್ಕಾ! ಕಣ್ ಮುಚ್ಕೊಂಡು ಅಡ್ರೆಸ್ ಓದೋಕಾಯ್ತದಾ?"

ಅವತ್ತೇ ಮುರುಗನ್ ಕೈಯಲ್ಲಿ ನನ್ನ ವಿಳಾಸವನ್ನು ತಮಿಳಿನಲ್ಲಿ ಬರೆಸಿ, ಇನ್ನು ಮೇಲೆ ಇದನ್ನೇ ನೋಡಿಕೊಂಡು ಬರೆ ಎಂದು ವನಜಾಳಿಗೆ ಕಳಿಸಿದೆ.

ಈ ವಾರ ರಾಮೇಶ್ವರದಿಂದ ಕಾರ್ಡು ಬಂತು. ಮುರುಗನ್ ಡೈರಿಯ ಕಡೆ ತಿರುಗದೆ ನೇರ ಮನೆಗೇ ತಂದುಕೊಟ್ಟ. ಮಡಿಕೆಯಿಲ್ಲ, ಟೀಯಿಲ್ಲ. ಜಗಲಿಯ ಮೇಲೆ ಕೂತೆ. "ಪ್ರೀತಿಯ ಪಾರ್ವತಿಗೆ" ಎಂಬಲ್ಲಿಯವರೆಗೆ ಸರಾಗವಾಗಿ ಓದಿದೆ. ಅಲ್ಲಿಂದಾಚೆಗೆ ವನಜಾಳ ಕನ್ನಡ ಅಕ್ಷರವೆಲ್ಲ ಇರುವೆ ಸಾಲು. ಕನ್ನಡಕ ಒರೆಸಿದೆ, ಬಿಸಿಲಿಗೆ ಹಿಡಿದೆ. 'ಬಾವಿ' ಎಂಬುದೊಂದು ಸಿಕ್ಕಿತು, ಅದರಾಚೆ 'ಜಾರಿ' ಎಂದಿತ್ತು. ಜಾರಿದ್ದು ಯಾರು, ಬಿದ್ದರೋ ಬಿಟ್ಟರೋ, ಒಂದೂ ತಿಳಿಯಲಿಲ್ಲ. ಆಗ ಹೊಳೆಯಿತು: ಇಷ್ಟು ವರ್ಷ ನಾನು ಕಾರ್ಡು ಓದಿರಲೇ ಇಲ್ಲ; ಡೈರಿಯಲ್ಲಿ ಕೇಳಿದ್ದನ್ನೇ ಅದರ ಮೇಲೆ ಕಣ್ಣಾಡಿಸಿ ನೆನೆಯುತ್ತಿದ್ದೆ. ವನಜಾಳಿಗೆ ಫೋನು ಮಾಡೋಣವೆಂದರೆ, ನಿನ್ನ ಒಂದಕ್ಷರವನ್ನೂ ಬಿಡದೆ ಓದುತ್ತೇನೆ ಎಂದು ಅವಳೆದುರು ಕೊಚ್ಚಿಕೊಂಡವಳು ನಾನೇ!

ಸಂಜೆ ಕ್ಯಾನಿನ ಜೊತೆ ಕಾರ್ಡನ್ನೂ ಹಿಡಿದು ಹೋದೆ. ನಾರಾಯಣಪ್ಪ ಮುಟ್ಟಲೇ ಇಲ್ಲ. "ನಂಗ್ಯಾಕಕ್ಕಾ? ನಾಳೆ ನೀನೇ ಬಯ್ತೀಯ."

"ಬಯ್ಯಲ್ಲ, ಓದೋ ಮಾರಾಯ! ಗಟ್ಟಿಯಾಗಿ ಓದು."

ಅವನು ಕೈ ಒರೆಸಿಕೊಂಡು, ಗಂಟಲು ಸರಿಮಾಡಿಕೊಂಡು, ನಿಧಾನವಾಗಿ ಓದತೊಡಗಿದ. ಸಾಲು ಬೆಳೆಯಿತು. ರತ್ನಮ್ಮ ಹಿಂದಿನಿಂದ, "ಬೇಗ ಅಳೀರಪ್ಪಾ, ಬಸ್ ಓಗ್ಬುಡ್ತದೆ" ಎಂದು ಕೂಗಿದಳು.

ನನಗೆ ಮೈಯೆಲ್ಲ ಉರಿಯಿತು. "ಸ್ವಲ್ಪ ತಡಿಯೇ ರತ್ನಮ್ಮಾ! ವನಜಾ ಇನ್ನೂ ಬಾವಿಯಿಂದ ಮ್ಯಾಕೆ ಬಂದಿಲ್ಲ!"